ಬೆಳಗಿನ ಬಾಕಿ, ಸಂಜೆಯ ಕಸರತ್ತು

ವ್ಯಾಯಾಮಶಾಲೆಯಲ್ಲಿ ಹೇಳಿಕೊಡುವವರನ್ನು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಹೊಟ್ಟೆ ಯಾವಾಗ ಕರಗುತ್ತೆ, ಪ್ರೋಟೀನ್ ಪುಡಿ ತಗೋಬೇಕಾ, ತೋಳು ಯಾಕೆ ದಪ್ಪ ಆಗ್ತಿಲ್ಲ. ಇವುಗಳ ನಡುವೆ ಸಣ್ಣ ದನಿಯಲ್ಲಿ, ಏನೋ ತಪ್ಪು ಮಾಡಿದವರ ಹಾಗೆ ಕೇಳುವ ಇನ್ನೊಂದು ಪ್ರಶ್ನೆ ಇದೆ. "ಸಾರ್, ಬೆಳಿಗ್ಗೆ ಅರ್ಧಕ್ಕೇ ಬಿಟ್ಟು ಹೋಗಬೇಕಾಯ್ತು. ಉಳಿದಿದ್ದನ್ನ ಈಗ ಮಾಡಬಹುದಾ, ಮೊದಲಿಂದ ಶುರು ಮಾಡಬೇಕಾ, ಇಲ್ಲಾ ಇವತ್ತಿಗೆ ಹೋಯ್ತು ಅಂತ ಬಿಟ್ಟುಬಿಡಲಾ?" ಇವತ್ತಿನ ನನ್ನ ಮಾತು ಈ ಪ್ರಶ್ನೆಗೇ ಮೀಸಲು.

ಅರ್ಧಕ್ಕೆ ಬಿಡುವುದಕ್ಕೆ ಕಾರಣಗಳಿಗೇನು ಬರವೇ? ನಲ್ಲಿಯಲ್ಲಿ ನೀರು ಬಂತು, ಮೋಟಾರ್ ಹಾಕಬೇಕು, ಬೇಗ ಬನ್ನಿ ಅಂತ ಮನೆಯಿಂದ ಫೋನು. ಸ್ಕೂಲ್ ವ್ಯಾನಿನವನು ಇವತ್ತು ಬರಲ್ಲ ಅಂತ ಮೆಸೇಜು. ಒಂಬತ್ತೂವರೆಯ ಮೀಟಿಂಗ್ ಎಂಟೂವರೆಗೇ ಬಂತು. ಊರಿಂದ ಮಾವನವರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಿಂತಿದ್ದಾರೆ. ಇದರ ಮೇಲೆ ನಮ್ಮ ಊರುಗಳ ವ್ಯಾಯಾಮಶಾಲೆಗಳದ್ದೇ ಒಂದು ಪಂಚಾಂಗ. ಬೆಳಗಿನ ಜಾವ ಬಾಗಿಲು ತೆಗೆದರೆ ಹತ್ತು ಗಂಟೆಯ ಹೊತ್ತಿಗೆ ಬೀಗ, ಮತ್ತೆ ತೆರೆಯುವುದು ಸಂಜೆ ನಾಲ್ಕಕ್ಕೋ ಐದಕ್ಕೋ. ಒಂಬತ್ತು ಮುಕ್ಕಾಲಿಗೆ ಹುಡುಗ ಪೊರಕೆ ಹಿಡಿದು ನಿಂತುಬಿಟ್ಟರೆ ನಿಮ್ಮ ಉಳಿದ ಮೂರು ಸೆಟ್ ಸಂಜೆಯವರೆಗೆ ಕಾಯಲೇಬೇಕು. ನಿಮ್ಮ ಶ್ರದ್ಧೆ ಎಷ್ಟೇ ಇದ್ದರೂ ಅವನ ಪೊರಕೆಯ ಮುಂದೆ ನಡೆಯುವುದಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಅದೇ ದಿನ ಮಾಡಬಹುದು, ಧಾರಾಳವಾಗಿ. ಮೊದಲಿಂದ ಮಾಡಬೇಕಾಗಿಲ್ಲ. ಮೊದಲಿಂದ ಮಾಡಬೇಕಾದದ್ದು ಒಂದೇ, ಮೈ ಬಿಸಿ ಮಾಡಿಕೊಳ್ಳುವುದು. ಯಾಕೆ ಅನ್ನುವುದನ್ನು ಈಗ ನೋಡೋಣ.

ಭಾರ ಎತ್ತಲು ಶುರು ಮಾಡಿ ಹತ್ತಿಪ್ಪತ್ತು ನಿಮಿಷ ಆಯಿತು ಅನ್ನಿ. ದುಡಿಯುವ ಸ್ನಾಯುವಿಗೆ ರಕ್ತ ನುಗ್ಗಿ ಅದರ ಉಷ್ಣತೆ ಏರಿರುತ್ತದೆ. ಕೀಲುಗಳು ಸಲೀಸಾಗಿ ಆಡುತ್ತಿರುತ್ತವೆ. ಮಿದುಳಿನಿಂದ ಸ್ನಾಯುವಿಗೆ ಹೋಗುವ ಅಪ್ಪಣೆ ಚುರುಕಾಗಿರುತ್ತದೆ. ಈ ಬಿಸಿಗೆ ಬೆಲೆ ಇದೆ. ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಜಿಗಿತ, ಓಟ, ಎತ್ತುವಿಕೆಯಂಥ ಬಿರುಸಿನ ಕೆಲಸಗಳಲ್ಲಿ ಶೇಕಡಾ 2ರಿಂದ 5ರಷ್ಟು ಲಾಭ ಸಿಗುತ್ತದೆ ಎಂಬುದು ಅಳೆದು ಕಂಡ ಲೆಕ್ಕ. ನೀವು ರಾಡನ್ನು ಸ್ಟ್ಯಾಂಡಿನ ಮೇಲಿಟ್ಟು ಫೋನು ಹಿಡಿದು ಹೊರಗೆ ಹೋದಿರಿ. ಬೆವರು ಆರಿತು. ಕಾಲು ಗಂಟೆ, ಅರ್ಧ ಗಂಟೆಯೊಳಗೆ ಆ ಬಿಸಿಯಲ್ಲಿ ಬಹುಪಾಲು ಇಳಿದುಹೋಗಿರುತ್ತದೆ.

ಇದನ್ನು ಫುಟ್‌ಬಾಲ್ ಮೈದಾನದಲ್ಲಿ ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. ಆಟದ ನಡುವೆ ಹದಿನೈದು ನಿಮಿಷದ ವಿರಾಮ ಇರುತ್ತದಲ್ಲ, ಆಗ ಸುಮ್ಮನೆ ಕೂತ ಆಟಗಾರರ ತೊಡೆಯ ಸ್ನಾಯು ಸುಮಾರು ಎರಡು ಡಿಗ್ರಿ ತಣ್ಣಗಾಗಿತ್ತು, ಎರಡನೇ ಅರ್ಧ ಶುರುವಾಗುವಾಗ ಅವರ ಓಟದ ವೇಗವೂ ಇಳಿದಿತ್ತು ಎಂದು ಡೆನ್ಮಾರ್ಕಿನ ಸಂಶೋಧಕರು 2004ರಲ್ಲಿ ವರದಿ ಮಾಡಿದರು. ಅದೇ ವಿರಾಮದಲ್ಲಿ ಏಳು ನಿಮಿಷ ಹದವಾಗಿ ಓಡಾಡಿದವರ ವೇಗ ಮಾತ್ರ ಹಾಗೇ ಉಳಿದಿತ್ತು. ಬರೀ ಏಳು ನಿಮಿಷ. ಇಪ್ಪತ್ತರ ಹರೆಯದ ಆಟಗಾರರಿಗೆ ಕಾಲು ಗಂಟೆಯಲ್ಲಿ ಹೀಗಾದರೆ, ನಲವತ್ತು ದಾಟಿ, ಎಂಟು ಗಂಟೆ ಕುರ್ಚಿಯಲ್ಲಿ ಕೂತು, ಬಿಎಂಟಿಸಿ ಬಸ್ಸಿನಲ್ಲಿ ಜೋತಾಡಿ ಬಂದ ಸೊಂಟದ ಗತಿ ಏನು, ನೀವೇ ಹೇಳಿ.

ಹಾಗಾದರೆ ಬೆಳಗಿನ ಕೆಲಸ ಹಾಳಾಯಿತೇ? ಇಲ್ಲ. ದೋಸೆ ಹುಯ್ಯುವ ಮನೆಯಲ್ಲಿ ನೋಡಿ, ನಡುವೆ ಒಲೆ ಆರಿಸಿದರೆ ಕಾವಲಿ ತಣ್ಣಗಾಗುತ್ತದೆ, ಹಿಟ್ಟು ಕೆಡುವುದಿಲ್ಲ, ಆಗಲೇ ತಿಂದ ದೋಸೆಯಂತೂ ಹೊಟ್ಟೆಯಲ್ಲೇ ಇರುತ್ತದೆ. ಬೆಳಿಗ್ಗೆ ಮಾಡಿದ ಸೆಟ್‌ಗಳೂ ಹಾಗೆಯೇ ಮೈಗೆ ಸಂದಿರುತ್ತವೆ. ಭಾರ ಹೊತ್ತ ಸ್ನಾಯು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ, ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ಕೆಲಸ ಒಂದು ಇಡೀ ದಿನ, ಕೆಲವರಲ್ಲಿ ಇನ್ನೂ ಹೆಚ್ಚು ಹೊತ್ತು ನಡೆಯುತ್ತದೆ. ಬೆಳಿಗ್ಗೆ ಎಂಟರ ಎರಡು ಸೆಟ್, ಸಂಜೆ ಆರರ ಮೂರು ಸೆಟ್, ಎರಡೂ ಅದೇ ದಿನದ ದುಡಿಮೆಯ ಪಾಲಿಗೆ ಸೇರುತ್ತವೆ. ಕೈಗೆ ಕಟ್ಟಿದ ಸ್ಮಾರ್ಟ್‌ವಾಚು ಇದನ್ನು ಎರಡು ವ್ಯಾಯಾಮ ಅಂತ ಬರೆದುಕೊಳ್ಳಬಹುದು. ಬರೆದುಕೊಳ್ಳಲಿ ಬಿಡಿ.

ಬಿಡುವಿನಿಂದ ಹೋದದ್ದು ಬಿಸಿ, ಬಂದದ್ದು ವಿಶ್ರಾಂತಿ. ಭಾರಿ ಭಾರವನ್ನು ಐದಾರು ಸಲ ಎತ್ತುವಾಗ ಸ್ನಾಯು ತಕ್ಷಣಕ್ಕೆ ಬಳಸುವುದು ಕ್ರಿಯಾಟಿನ್ ಫಾಸ್ಫೇಟ್ ಎಂಬ ಕೈಗೆಟುಕುವ ದಾಸ್ತಾನನ್ನು. ಸೆಟ್ ಮುಗಿದ ಅರ್ಧ ನಿಮಿಷದಲ್ಲಿ ಅದು ಅರ್ಧದಷ್ಟು ತುಂಬಿಕೊಳ್ಳುತ್ತದೆ, ಮೂರರಿಂದ ಐದು ನಿಮಿಷದಲ್ಲಿ ಹೆಚ್ಚುಕಡಿಮೆ ಪೂರ್ತಿ. ಭಾರ ಎತ್ತುವವರು ಸೆಟ್‌ಗಳ ನಡುವೆ ಮೂರು ನಿಮಿಷ ಕೂರುವುದು ಇದಕ್ಕೇ, ಸೋಮಾರಿತನಕ್ಕಲ್ಲ. ಇನ್ನು ಏಳೆಂಟು ಗಂಟೆ ಬಿಟ್ಟು ಬಂದವರಿಗೆ ಆ ದಾಸ್ತಾನು ಯಾವಾಗಲೋ ತುಂಬಿರುತ್ತದೆ. ಉಸಿರು ತಣ್ಣಗಿದೆ, ಊಟ ಆಗಿದೆ, ಮನಸ್ಸೂ ಗೆಲುವಾಗಿದೆ.

ಇಲ್ಲೇ ಒಂದು ಗುಂಡಿ ಇದೆ. ಗೆಲುವಾಗಿದ್ದೀನಿ, ಹಾಗಾದರೆ ಎಲ್ಲವನ್ನೂ ಮೊದಲಿಂದ ಹೊಡೆದುಬಿಡೋಣ ಅನ್ನುವ ಆಸೆ. ಉಸಿರಾಟ, ಎದೆಬಡಿತ ಸುಧಾರಿಸಿಕೊಂಡಷ್ಟು ಬೇಗ ಸ್ನಾಯುವಿನ ಎಳೆ, ಅದರ ಕಂಡರ, ಕೀಲು ಸುಧಾರಿಸಿಕೊಳ್ಳುವುದಿಲ್ಲ. ಬೆಳಗಿನ ದಣಿವು ನಿಮಗೆ ಮರೆತಿರುತ್ತದೆ, ಮೊಣಕಾಲಿಗೆ ಮರೆತಿರುವುದಿಲ್ಲ. ಅದರ ಲೆಕ್ಕ ಮರುದಿನ ಅಥವಾ ಅದರ ಮರುದಿನ ಮೆಟ್ಟಿಲು ಇಳಿಯುವಾಗ ತಿಳಿಯುತ್ತದೆ. ಮೈನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ಅಂದಹಾಗೆ, ಆ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಇವತ್ತಿಗೂ ಹೇಳುವವರಿದ್ದಾರೆ. ಅದು ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೇ ರಕ್ತದಿಂದ ಖಾಲಿಯಾಗಿರುತ್ತದೆ, ಪಾಪ, ಅದರ ಮೇಲೆ ಸುಮ್ಮನೆ ಅಪವಾದ.

ಒಂದು ಉದಾಹರಣೆಯನ್ನು ಬಿಡಿಸಿಯೇ ಹೇಳುತ್ತೇನೆ. ನಮ್ಮಲ್ಲಿಗೆ ಬರುವ ಹೆಣ್ಣುಮಗಳೊಬ್ಬರು, ಬ್ಯಾಂಕಿನ ಕೆಲಸದವರು. ಅವತ್ತು ಅವರ ಚೀಟಿಯಲ್ಲಿ ಇದ್ದದ್ದು ಸ್ಕ್ವಾಟ್, ಅಂದರೆ ಹೆಗಲ ಮೇಲೆ ರಾಡು ಹೊತ್ತು ಹೊಡೆಯುವ ಬಸ್ಕಿ, 50 ಕಿಲೋ, ಐದೈದರ ಐದು ಸೆಟ್. ಆಮೇಲೆ ಬೆನ್ನಿಗೆ ರೋಯಿಂಗ್, ಭುಜಕ್ಕೆ ಡಂಬೆಲ್ ಪ್ರೆಸ್, ಕೊನೆಗೆ ತೋಳಿನದೊಂದು. ಎರಡು ಸೆಟ್ ಮುಗಿಸಿ ಮೂರನೆಯದಕ್ಕೆ ಬೆಲ್ಟ್ ಬಿಗಿಯುತ್ತಿದ್ದಾಗ ಶಾಲೆಯಿಂದ ಫೋನು, ಮಗನಿಗೆ ವಾಂತಿ. ಬೆಲ್ಟ್ ಅಲ್ಲೇ ಬಿಟ್ಟು ಓಡಿದರು. ಸಂಜೆ ಆರೂಕಾಲಿಗೆ ಬಂದರು, ಮಗು ಅಜ್ಜಿ ಹತ್ತಿರ ಮಲಗಿತ್ತು.

"ಸಾರ್, ಮೊದಲಿಂದ ಶುರು ಮಾಡ್ಲಾ?"

"ಬೇಡಮ್ಮ. ಬೆಳಿಗ್ಗೆ ಎರಡು ಆಗಿದೆ ಅಲ್ವಾ, ಮೂರು ಬಾಕಿ. ಮೊದಲು ಮೈ ಬಿಸಿ ಮಾಡ್ಕೊಳಿ."

ಐದು ನಿಮಿಷ ಸೈಕಲ್ ತುಳಿದರು. ಬರಿಮೈಯಲ್ಲಿ ಹದಿನೈದು ಬಸ್ಕಿ. ಖಾಲಿ ರಾಡು, ಅದೇ 20 ಕಿಲೋ ಇರುತ್ತದೆ, ಅದರಲ್ಲಿ ಎಂಟು. 30 ಕಿಲೋದಲ್ಲಿ ಐದು. 40ರಲ್ಲಿ ಮೂರು. 45ರಲ್ಲಿ ಒಂದು. ಆ ಒಂದನ್ನು ಎತ್ತುವಾಗ ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದದ್ದು ಅವರು ಮೇಲೇಳುವ ವೇಗವನ್ನು. ಬೆಳಿಗ್ಗೆ ಹೇಗೆ ಎದ್ದಿದ್ದರೋ ಹಾಗೇ ಎದ್ದರು, ಮೊಣಕಾಲು ಒಳಗೆ ವಾಲಲಿಲ್ಲ. 50 ಹಾಕಿಸಿದೆ. ಮೂರು ಸೆಟ್ ಸಲೀಸಾಗಿ ಹೋಯಿತು. ಮೂರೂ ಆದ ಮೇಲೆ ರೋಯಿಂಗ್ ಮಾಡಿಸಿ, ಭುಜದ್ದು ಒಂದು ಸೆಟ್ ಕಮ್ಮಿ ಮಾಡಿ, ತೋಳಿನದನ್ನು ಬಿಡಿಸಿ ಕಳಿಸಿದೆ. ಮನೆಯಲ್ಲಿ ಕಾಯಿಲೆ ಮಗು. ಅವರ ತೋಳು ಒಂದು ದಿನ ತಡವಾಗಿ ದಪ್ಪ ಆದರೆ ಯಾರೂ ದೂರು ಕೊಡುವುದಿಲ್ಲ.

ಆ 45ರ ಒಂದು ರೆಪ್ ಇದೆಯಲ್ಲ, ಅದರಲ್ಲಿ ಅವತ್ತಿನ ತೀರ್ಮಾನವೆಲ್ಲ ಇತ್ತು. ಅದು ನಿಧಾನವಾಗಿದ್ದರೆ, ಸೊಂಟ ಮುಂದೆ ಬಾಗಿದ್ದರೆ, ಭಾರವನ್ನು ಶೇಕಡಾ ಹತ್ತರಷ್ಟು ಇಳಿಸಿ ಉಳಿದ ಸೆಟ್ ಮುಗಿಸುತ್ತಿದ್ದೆವು. ಚೀಟಿಯಲ್ಲಿ ಏನು ಬರೆದಿದೆ ಅನ್ನುವುದು ಬೆಳಗಿನ ಮಾತು. ಸಂಜೆಯ ಮೈ ಏನು ಹೇಳುತ್ತದೆಯೋ ಅದನ್ನು ಸಂಜೆಯೇ ಕೇಳಬೇಕು.

ಬಿಡುವು ಎಷ್ಟು ಹೊತ್ತಿನದು ಎಂಬುದರ ಮೇಲೂ ಸ್ವಲ್ಪ ವ್ಯತ್ಯಾಸವಿದೆ. ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದಿರಾ? ಹಗುರ ಭಾರದಲ್ಲಿ ಒಂದು ಸೆಟ್ ಮಾಡಿ ಮುಂದುವರಿಸಿ, ಅಷ್ಟೇ. ಮಾತಾಡುವಾಗ ಕೂರದೆ ಅಡ್ಡಾಡುತ್ತಿದ್ದರೆ ಅದೂ ಬೇಕಿಲ್ಲ. ಅರ್ಧ ಗಂಟೆ ದಾಟಿತೋ, ಆ ವ್ಯಾಯಾಮ ಮುಗಿಯಿತು, ಇನ್ನೊಂದು ಶುರುವಾಗಬೇಕು ಅಂತಲೇ ಲೆಕ್ಕ. ಒಂದು ಗಂಟೆಗೂ ಏಳು ಗಂಟೆಗೂ ಮೈ ಬಿಸಿ ಮಾಡುವ ಕೆಲಸದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ದಣಿವಿನಲ್ಲಿ ಇದೆ.

ಹೀಗೆ ಒಡೆದು ಮಾಡುವುದು ಹೊಸದೇನೂ ಅಲ್ಲ. ನಮ್ಮ ಗರಡಿಮನೆಗಳ ಕಡೆ ಒಮ್ಮೆ ನೋಡಿ. ಪೈಲ್ವಾನರ ದಿನ ಎಂದೂ ಒಂದೇ ಸಲದ್ದಲ್ಲ. ಬೆಳಕು ಹರಿಯುವ ಮುಂಚೆ ಮಟ್ಟಿಗೆ ಇಳಿದು ಜೋಡಿಯೊಂದಿಗೆ ಸೆಣಸಾಟ, ಸಂಜೆ ದಂಡೆ, ಬಸ್ಕಿ, ಗದೆ ತಿರುಗಿಸುವುದು. ಕೆಲವು ಕಡೆ ಇದು ತಿರುಗುಮುರುಗು. ಒಟ್ಟಿನಲ್ಲಿ ದಿನಕ್ಕೆ ಎರಡು ಹೊತ್ತು, ನಡುವೆ ಊಟ, ಎಣ್ಣೆ ಮಾಲೀಶು, ಮಧ್ಯಾಹ್ನದ ನಿದ್ದೆ. ಉಸ್ತಾದರ ಮಾತಿನಲ್ಲಿ ಎರಡು ಎಚ್ಚರಿಕೆ ಯಾವಾಗಲೂ ಬರುತ್ತಿದ್ದವು. ಬೆವರು ಮೈಯಲ್ಲಿ ಗಾಳಿಗೆ ಕೂರಬೇಡ. ಎದ್ದ ತಕ್ಷಣ ಗದೆ ಮುಟ್ಟಬೇಡ. ಎರಡೂ ಬಿಸಿಗೆ ಸಂಬಂಧಪಟ್ಟ ಮಾತುಗಳೇ. ಥರ್ಮಾಮೀಟರ್ ಚುಚ್ಚಿ ನೋಡದೆಯೇ ಅವರಿಗೆ ಇದು ಗೊತ್ತಿತ್ತು.

ಹೊರದೇಶದಲ್ಲಿ ಇದನ್ನು ಅತಿರೇಕಕ್ಕೆ ಒಯ್ದವರು ಬಲ್ಗೇರಿಯಾದವರು. ಅಲ್ಲಿನ ವೇಟ್‌ಲಿಫ್ಟಿಂಗ್ ಕೋಚ್ ಇವಾನ್ ಅಬಾಜಿಯೆವ್ ತನ್ನ ತಂಡದ ದಿನವನ್ನು ಮುಕ್ಕಾಲು ಗಂಟೆ ಮೀರದ ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿದ. ಎತ್ತು, ಅರ್ಧ ಗಂಟೆ ಮಲಗು, ಮತ್ತೆ ಎತ್ತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆ ಪುಟ್ಟ ದೇಶ ವೇಟ್‌ಲಿಫ್ಟಿಂಗ್‌ನಲ್ಲಿ ಮೂರು ಚಿನ್ನ ಗೆದ್ದಿತು. ಆದರೆ ಆ ಕಥೆಯನ್ನು ಅರ್ಧ ಮಾತ್ರ ಹೇಳುವುದು ಮೋಸ. 1988ರ ಸಿಯೋಲ್‌ನಲ್ಲಿ ಚಿನ್ನ ಗೆದ್ದ ಇಬ್ಬರು ನಿಷೇಧಿತ ಔಷಧದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಇಡೀ ತಂಡ ಕೂಟದ ನಡುವೆಯೇ ಗಂಟುಮೂಟೆ ಕಟ್ಟಿತು. ಹಾಗಾಗಿ ಬಲ್ಗೇರಿಯಾದವರು ಮಾಡುತ್ತಿದ್ದರು ಅಂತ ಯಾರಾದರೂ ದಿನಕ್ಕೆ ಐದು ಸಲ ಜಿಮ್ಮಿಗೆ ಬರುತ್ತೀನಿ ಅಂದರೆ ನಾನು ಬಾಗಿಲು ಹಾಕಿಕೊಳ್ಳುತ್ತೇನೆ.

ನಮ್ಮ ಪ್ರಶ್ನೆಗೆ ಹತ್ತಿರದ ಪ್ರಯೋಗ ನಡೆದದ್ದು ಫಿನ್‌ಲ್ಯಾಂಡಿನಲ್ಲಿ. ಹಕ್ಕಿನೆನ್ ಎಂಬ ವಿಜ್ಞಾನಿ ತನ್ನ ಸಹೋದ್ಯೋಗಿಯ ಜೊತೆ ಸೇರಿ 1994ರಲ್ಲಿ ಪ್ರಕಟಿಸಿದ ಕೆಲಸ ಅದು. ಹತ್ತು ಮಂದಿ ಕ್ರೀಡಾಪಟು ಹೆಣ್ಣುಮಕ್ಕಳು ಮೂರು ವಾರ ದಿನಕ್ಕೆ ಒಂದೇ ಸಲ ಅಭ್ಯಾಸ ಮಾಡಿದರು. ಇನ್ನು ಮೂರು ವಾರ ಅಷ್ಟೇ ಕೆಲಸವನ್ನು ಎರಡು ಹೊತ್ತಿಗೆ ಹಂಚಿಕೊಂಡು ಮಾಡಿದರು. ಹಂಚಿಕೊಂಡಾಗಲೇ ಬಲವೂ ತೊಡೆಯ ಸ್ನಾಯುವಿನ ಗಾತ್ರವೂ ಹೆಚ್ಚು ಬೆಳೆದಿತ್ತು. ಮುಂದೆ 2007ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಗಂಡಸು ವೇಟ್‌ಲಿಫ್ಟರುಗಳ ಮೇಲೆ ಇಂಥದ್ದೇ ಪ್ರಯೋಗ ಮಾಡಿದಾಗ ಒಂದು ಹೊತ್ತಿನವರಿಗೂ ಎರಡು ಹೊತ್ತಿನವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎರಡೂ ಸಣ್ಣ ಪ್ರಯೋಗಗಳು, ಕೆಲವೇ ವಾರಗಳವು. ಇವುಗಳನ್ನು ಹಿಡಿದುಕೊಂಡು ಎರಡು ಹೊತ್ತೇ ಶ್ರೇಷ್ಠ ಅಂತ ನಾನು ಹೇಳುವುದಿಲ್ಲ. ಕೆಲಸ ಅಷ್ಟೇ ಇದ್ದು ಹಂಚಿಕೊಂಡು ಮಾಡಿದರೆ ನಷ್ಟವಿಲ್ಲ ಅನ್ನುವಷ್ಟಕ್ಕೆ ಧೈರ್ಯ ಸಾಕು. ವಿಶ್ವ ಆರೋಗ್ಯ ಸಂಸ್ಥೆಯೂ ನಡಿಗೆ, ಓಟದ ವಿಷಯದಲ್ಲಿ ಹಿಂದೆ ಕನಿಷ್ಠ ಹತ್ತು ನಿಮಿಷ ಒಂದೇ ಸಮನೆ ಮಾಡಬೇಕು ಅನ್ನುತ್ತಿತ್ತು. 2020ರ ಸಲಹೆಯಲ್ಲಿ ಆ ಷರತ್ತನ್ನು ತೆಗೆದುಹಾಕಿದೆ. ಸ್ನಾಯುಬಲದ ವ್ಯಾಯಾಮಕ್ಕೆ ಅದು ಕೇಳುವುದು ವಾರದಲ್ಲಿ ಎರಡು ದಿನವನ್ನಾದರೂ.

ಬಿಡುವು ಬಿದ್ದ ಮೇಲೂ ಮೈಯನ್ನು ಬಿಸಿಯಾಗಿ ಇಟ್ಟುಕೊಳ್ಳುವ ವಿದ್ಯೆಯನ್ನು ನೋಡಬೇಕಾದರೆ ವೇಟ್‌ಲಿಫ್ಟಿಂಗ್ ಸ್ಪರ್ಧೆಯ ವೇದಿಕೆಯನ್ನು ಬಿಟ್ಟು ಅದರ ಹಿಂದಿನ ಕೋಣೆಗೆ ಹೋಗಬೇಕು. ಟಿವಿಯಲ್ಲಿ ನಮಗೆ ಕಾಣುವುದು ಒಂದು ನಿಮಿಷದ ಗಡಿಯಾರ ಮತ್ತು ಒಂದು ಎತ್ತು. ಹಿಂದಿನ ಕೋಣೆಯಲ್ಲಿ ಕೋಚ್ ಬೇರೆಯವರ ಭಾರ ತೋರಿಸುವ ಹಲಗೆ ನೋಡುತ್ತಾ ಬೆರಳು ಮಡಿಚುತ್ತಿರುತ್ತಾರೆ. ತಮ್ಮವರ ಸರದಿಗೆ ಇನ್ನು ಎಷ್ಟು ಎತ್ತು ಬಾಕಿ ಇದೆ, ಅಷ್ಟರೊಳಗೆ ಎಷ್ಟು ಸಲ ಮೈ ಬಿಸಿ ಮಾಡಿಸಬೇಕು ಎಂಬ ಲೆಕ್ಕ ಅದು. ಎದುರಾಳಿ ಇದ್ದಕ್ಕಿದ್ದಂತೆ ತನ್ನ ಭಾರ ಬದಲಾಯಿಸಿದರೆ ಸರದಿ ಹಿಂದೆಮುಂದಾಗುತ್ತದೆ. ಆಗ ಕಾಯುತ್ತಿರುವವರು ಸುಮ್ಮನೆ ಕುರ್ಚಿಯಲ್ಲಿ ಕೂರುವುದಿಲ್ಲ. ಜಾಕೆಟ್ ಹಾಕಿಕೊಂಡು, ಆಗಾಗ ಎದ್ದು ಹಗುರದ್ದೊಂದು ಎಳೆದು ಕೂರುತ್ತಾರೆ. ಸ್ನ್ಯಾಚ್ ಎಂಬ ಮೊದಲ ಸುತ್ತು ಮುಗಿದ ಮೇಲೆ, ಕ್ಲೀನ್ ಅಂಡ್ ಜರ್ಕ್ ಎಂಬ ಎರಡನೆಯದಕ್ಕೆ ಮುಂಚೆ ಹತ್ತು ನಿಮಿಷದ ವಿರಾಮ ಇದೆ, ಆಗಲೂ ಅಷ್ಟೇ. ನಮ್ಮ ಕುಂದಾಪುರ ಕಡೆಯ ಹುಡುಗ, ಲಾರಿ ಚಾಲಕರ ಮಗ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದ ಬೆಳ್ಳಿ ತಂದದ್ದು ನಿಮಗೆ ನೆನಪಿರಬಹುದು. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ. ತನ್ನ ಮೈತೂಕದ ಎರಡೂವರೆ ಪಟ್ಟಿಗೂ ಸ್ವಲ್ಪ ಕಡಿಮೆ ಭಾರವನ್ನು ತಲೆಯ ಮೇಲೆ ನಿಲ್ಲಿಸುವ ಮುನ್ನ ಅಂಥವರು ಎಷ್ಟು ಸಲ ಖಾಲಿ ರಾಡನ್ನು ಹಿಡಿದಿರುತ್ತಾರೆ ಎಂಬುದನ್ನು ನಮ್ಮ ಹುಡುಗರು ಯಾರೂ ಕೇಳುವುದಿಲ್ಲ. ಕೇಳುವುದು 138 ಮಾತ್ರ.

ಇನ್ನು ಬೆಳಗಿಗೂ ಸಂಜೆಗೂ ಇರುವ ಒಂದು ತಾರತಮ್ಯ. ಮೈಯ ಒಳಗಿನ ಉಷ್ಣತೆ ಬೆಳಗಿನ ಜಾವ ಅತ್ಯಂತ ಕೆಳಗಿದ್ದು ಸಂಜೆಯ ಹೊತ್ತಿಗೆ ಮೇಲೇರುತ್ತದೆ. ಬಲವನ್ನು ಅಳೆದರೂ ಸಂಜೆ ಸ್ವಲ್ಪ ಹೆಚ್ಚೇ ಸಿಗುವುದು ಸಾಮಾನ್ಯ. ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳದ್ದು ಇನ್ನೊಂದು ಕಥೆ. ರಾತ್ರಿ ಮಲಗಿದ್ದಾಗ ಅವು ನೀರು ಹೀರಿಕೊಂಡು ಉಬ್ಬಿರುತ್ತವೆ. ಬೆಳಿಗ್ಗೆ ಎದ್ದಾಗ ನಾವು ಒಂದೆರಡು ಸೆಂಟಿಮೀಟರ್ ಎತ್ತರ ಇರುವುದು ಅದಕ್ಕೇ. ಎದ್ದು ಓಡಾಡಿದ ಮೊದಲ ಗಂಟೆಯಲ್ಲೇ ಆ ಉಬ್ಬು ಅರ್ಧದಷ್ಟು ಇಳಿಯುತ್ತದೆ. ಅಷ್ಟರೊಳಗೆ ಬಗ್ಗಿ ಭಾರಿ ಭಾರ ಎತ್ತಿದರೆ ಡಿಸ್ಕಿನ ಮೇಲೆ ಒತ್ತಡ ಜಾಸ್ತಿ. ಆದ್ದರಿಂದ ಐದಕ್ಕೆ ಎದ್ದು ಐದೂವರೆಗೆ ನೆಲದಿಂದ ರಾಡು ಎತ್ತುವ ಡೆಡ್‌ಲಿಫ್ಟ್ ಹಿಡಿಯುವ ಶೂರರಿಗೆ ನೀರಿನ ಫೋನು ಬಂದು ಅದು ಸಂಜೆಗೆ ಹೋದರೆ ಒಳ್ಳೆಯದೇ ಆಯಿತು ಅಂದುಕೊಳ್ಳಬಹುದು. ನೀರು ಬಿಡುವವನಿಗೆ ಒಂದು ನಮಸ್ಕಾರ ಹೇಳಿ.

ಬಾಕಿ ಉಳಿದವುಗಳಲ್ಲಿ ಮೊದಲು ಯಾವುದು? ಬೆಳಗಿನ ಪಟ್ಟಿಯಲ್ಲಿ ಕೊನೆಗಿದ್ದರೂ ಸರಿಯೇ, ಉಳಿದದ್ದರಲ್ಲಿ ಅತಿ ಭಾರದ್ದು, ಹೆಚ್ಚು ಕೀಲುಗಳು ದುಡಿಯುವಂಥದ್ದು ಮೊದಲು ಬರಲಿ. ಸಣ್ಣಪುಟ್ಟವು ಆಮೇಲೆ. ಬೈಸೆಪ್ಸ್ ಬಾಕಿ ಉಳಿಯಿತು ಅಂತ ರಾತ್ರಿ ಒಂಬತ್ತಕ್ಕೆ ಏದುಸಿರು ಬಿಡುತ್ತಾ ಬರುವ ಹುಡುಗರಿದ್ದಾರೆ. ಅವರನ್ನು ಕಂಡರೆ ನನಗೆ ನಗುವೂ ಬರುತ್ತದೆ, ಮೆಚ್ಚುಗೆಯೂ ಆಗುತ್ತದೆ.

ಸಂಜೆ ವ್ಯಾಯಾಮಶಾಲೆಗೆ ಬರಲು ಆಗದವರು ಮನೆಯಲ್ಲೇ ಬಾಕಿ ತೀರಿಸಬಹುದು. ಎದೆಯದು ಉಳಿದಿದ್ದರೆ ದಂಡೆ ಇದೆ. ಬೆನ್ನಿನದು ಉಳಿದಿದ್ದರೆ ಕುಡಿಯುವ ನೀರಿನ 20 ಲೀಟರಿನ ಕ್ಯಾನು ಇದ್ದೇ ಇರುತ್ತದೆ, ತುಂಬಿದ್ದರೆ 20 ಕಿಲೋದ ಮೇಲೆಯೇ. ಮಂಚದ ಮೇಲೆ ಒಂದು ಕೈ ಊರಿ, ಬೆನ್ನು ನೆಟ್ಟಗಿಟ್ಟು, ಇನ್ನೊಂದು ಕೈಯಿಂದ ಅದರ ಹಿಡಿ ಹಿಡಿದು ಸೊಂಟದವರೆಗೆ ಎಳೆಯಿರಿ. ಮುಚ್ಚಳ ಬಿಗಿಯಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಮನೆಯವರ ಬಾಯಿಗೆ ಸಿಗುತ್ತೀರಿ. ಮೈ ಬಿಸಿ ಮಾಡಿಕೊಳ್ಳಲು ಆರೆಂಟು ಸೂರ್ಯ ನಮಸ್ಕಾರ ಸಾಕು. ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ಬಹಳ ಮಂದಿ 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರರೆಂದಷ್ಟೇ ಬಲ್ಲರು. ಅವರು ತಮ್ಮ ಕಾಲದಲ್ಲೇ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್ ಮತ್ತು ಸೂರ್ಯ ನಮಸ್ಕಾರ ಎರಡನ್ನೂ ಒಟ್ಟಿಗೆ ಬೆಳೆಸಿದ ಅಂಗಸಾಧಕರು. ಒಂದನ್ನು ದೇಶಿ, ಇನ್ನೊಂದನ್ನು ವಿಲಾಯಿತಿ ಅಂತ ಜಗಳ ಹಚ್ಚುವವರು ಅವರ ಹಳೆಯ ಫೋಟೋಗಳನ್ನು ಒಮ್ಮೆ ನೋಡಬೇಕು.

ಊಟದ ಮಾತು. ಬೆಳಿಗ್ಗೆ ಬಿಟ್ಟುಹೋದ ಮೇಲೆ ಸಂಜೆಯವರೆಗೆ ಉಪವಾಸ ಇರಬೇಡಿ, ಮಧ್ಯಾಹ್ನ ಚೆನ್ನಾಗಿ ಉಣ್ಣಿ. ಮುದ್ದೆ ಸಾರಿನ ಊಟವಾದರೆ ಎರಡು ಮೂರು ಗಂಟೆ ಬಿಟ್ಟು ಭಾರ ಮುಟ್ಟಿ. ಸಂಜೆ ನೇರ ಆಫೀಸಿನಿಂದ ಬರುವವರು ಮುಕ್ಕಾಲು ಗಂಟೆ ಮುಂಚೆ ಎರಡು ಬಾಳೆಹಣ್ಣು ತಿಂದರೆ ಸಾಕು. ಕಾಫಿ ಕುಡಿದರೆ ಎತ್ತುವಾಗ ಹುರುಪು ಬರುತ್ತದೆ ಅನ್ನುವುದು ನಿಜ, ಆದರೆ ಏಳು ಗಂಟೆಯ ಕಾಫಿ ಹನ್ನೊಂದಕ್ಕೂ ಮೈಯಲ್ಲಿ ಓಡಾಡುತ್ತಿರುತ್ತದೆ. ನೀರಂತೂ ಕುಡಿಯಲೇಬೇಕು. ಎಸಿ ಆಫೀಸಿನಲ್ಲಿ ಬಾಯಾರಿಕೆ ಗೊತ್ತಾಗುವುದೇ ಇಲ್ಲ.

ಕೆಲವು ಸಂದರ್ಭಗಳಲ್ಲಿ ಬಾಕಿಯನ್ನು ಅವತ್ತು ತೀರಿಸಲೇಬಾರದು. ಬೆಳಿಗ್ಗೆ ನಿಲ್ಲಿಸಿದ್ದು ಫೋನಿನಿಂದಲೋ, ಮೈಯಿಂದಲೋ? ಎದೆ ಹಿಡಿದಂತಾಗಿ, ಕಣ್ಣು ಕತ್ತಲೆ ಬಂದು, ತೋಳಿಗೋ ದವಡೆಗೋ ನೋವು ಹರಿದು ನಿಲ್ಲಿಸಿದ್ದರೆ ಸಂಜೆ ಹೋಗಬೇಕಾದದ್ದು ವ್ಯಾಯಾಮಶಾಲೆಗಲ್ಲ. ಸಂಜೆಯವರೆಗೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕೂರಬೇಡಿ. ಕೀಲಿನಲ್ಲಿ ಚಟ್ ಅಂತ ಸದ್ದಾಗಿ ನೋವು ಬಂದಿದ್ದರೆ, ಸೊಂಟ ಹಿಡಿದುಕೊಂಡಿದ್ದರೆ, ಜ್ವರ ಇದ್ದರೆ ಅವತ್ತಿಗೆ ರಾಡಿನ ಸಹವಾಸ ಬೇಡ. ಇದಲ್ಲದೆ, ಸಾವಿನ ಮನೆಗೆ ಹೋಗಿ ಬಂದ ದಿನ, ಮನೆಯಲ್ಲಿ ದೊಡ್ಡ ಜಗಳವಾದ ದಿನ, ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕೂತಿದ್ದ ದಿನ ಭಾರಿ ಭಾರ ಎತ್ತಲು ಬರುವವರನ್ನು ನಾನು ಹಿಂದಕ್ಕೆ ಕಳಿಸುತ್ತೇನೆ. ಮನಸ್ಸು ಬೇರೆ ಕಡೆ ಇದ್ದಾಗ ರಾಡಿನ ಎರಡು ಕಡೆ ಬೇರೆ ಬೇರೆ ಪ್ಲೇಟು ಹಾಕಿಕೊಂಡವರನ್ನು ನೋಡಿದ್ದೇನೆ. ಅಂಥ ದಿನ ನಡಿಗೆ ಒಳ್ಳೆಯದು, ಯಾರಾದರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಹೊತ್ತಿನದೂ ಒಂದು ಮಿತಿ ಇದೆ. ಸಂಜೆಯ ವ್ಯಾಯಾಮ ನಿದ್ದೆಗೆಡಿಸುತ್ತದೆ ಅನ್ನುವ ಹೆದರಿಕೆ ಬಹುಪಾಲು ಸುಳ್ಳು. ಆದರೆ ಮಲಗುವ ಮುಂಚಿನ ಒಂದು ಗಂಟೆಯೊಳಗೆ ಬಿರುಸಾಗಿ ದುಡಿದರೆ ನಿದ್ದೆ ಬರುವುದು ತಡವಾಗುತ್ತದೆ. ಹತ್ತೂವರೆಗೆ ಮಲಗುವವರು ಒಂಬತ್ತಕ್ಕೆ ಮುಗಿಸಲಿ. ಒಂಬತ್ತಾದರೂ ಆಗಲಿಲ್ಲವೇ? ಬಾಕಿ ಬಾಕಿಯಾಗಿಯೇ ಇರಲಿ. ಐದರಲ್ಲಿ ಎರಡು ಸೆಟ್ ಆದರೂ ಅವತ್ತಿನ ಪಾಲು ಸಂದಾಯವಾಗಿದೆ.

ಆ ಮೂರು ಸೆಟ್ಟನ್ನು ನಾಳೆಯ ಪಟ್ಟಿಗೆ ಮಾತ್ರ ಸೇರಿಸಬೇಡಿ, ನಾಳೆಗೆ ನಾಳೆಯದೇ ಇರುತ್ತದೆ. ವಾರದಲ್ಲಿ ಅದೇ ಸ್ಕ್ವಾಟ್ ಮತ್ತೆ ಯಾವ ದಿನ ಬರುತ್ತದೋ ಆ ದಿನ, ಬೇಕಿದ್ದರೆ ಒಂದು ಸೆಟ್ ಹೆಚ್ಚು ಮಾಡಿ, ಮೂರಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಬಿಟ್ಟುಹೋಗುವ ಮುಂಚೆ ಎಲ್ಲಿಗೆ ನಿಂತಿತು ಅಂತ ಒಂದು ಸಾಲು ಬರೆದುಕೊಂಡು ಹೋಗಿ. ಸ್ಕ್ವಾಟ್, 50, ಎರಡು ಆಯಿತು. ಅಷ್ಟು ಸಾಕು. ಸಂಜೆ ಬಂದು "ಎರಡಾಗಿತ್ತಾ, ಮೂರಾಗಿತ್ತಾ" ಅಂತ ಪಕ್ಕದವರನ್ನು ಕೇಳುವುದು ತಪ್ಪುತ್ತದೆ. ಪಕ್ಕದವರು ಯಾವಾಗಲೂ "ಮೂರು" ಅಂತಲೇ ಹೇಳುತ್ತಾರೆ, ಅವರಿಗೆ ನೀವು ಬೇಗ ರಾಡು ಬಿಟ್ಟುಕೊಡಬೇಕಾಗಿರುತ್ತದೆ.